ಚೌಕದೊಳಗಿನ ಚಹರೆಗಳು: ಚಿತ್ರಕಥೆಯ ಚರಿತ್ರೆ ಮತ್ತು ನಾವು ಓದಬೇಕಾದ ಕೆಲವು ಪುಸ್ತಕಗಳು

ಕಾಮಿಕ್ಸ್ ಓದುವುದು ಓದೇ ಅಲ್ಲ ಎಂಬ ತೀರ್ಮಾನ ನಮ್ಮ ಮನೆಗಳಲ್ಲೂ ಶಾಲೆಗಳಲ್ಲೂ ಬಹಳ ಹಿಂದೆಯೇ ಆಗಿಹೋಗಿದೆ. ಮಗುವಿನ ಕೈಯಲ್ಲಿ ಚಿತ್ರಕಥೆಯ ಪುಸ್ತಕ ಕಂಡರೆ ಅದನ್ನು ಕಿತ್ತಿಟ್ಟು ಪಠ್ಯಪುಸ್ತಕ ಕೊಡುವುದೇ ಶಿಸ್ತು ಎಂದು ದೊಡ್ಡವರು ನಂಬಿದ್ದಾರೆ. ಮಾಲೂರಿನ ನಮ್ಮ ಮೊಹಲ್ಲಾದಲ್ಲಿ 'ತಸ್ವೀರಾಂ ನಕ್ಕೊ ದೇಖೋ, ಕಿತಾಬ್ ಪಢೋ' ಎಂಬ ಮಾತನ್ನು ಕೇಳದೆ ಬೆಳೆದ ಮಕ್ಕಳಿಲ್ಲ. ಪಕ್ಕದ ಬೀದಿಯ ಕನ್ನಡ ಮನೆಗಳಲ್ಲೂ, ತೆಲುಗು ಮನೆಗಳಲ್ಲೂ ಇದೇ ಮಾತು. ಭಾಷೆ ಮಾತ್ರ ಬೇರೆ. ಹೀಗೆ ಎಲ್ಲ ಜಾತಿ ಧರ್ಮಗಳ ಹಿರಿಯರೂ ಒಮ್ಮತಕ್ಕೆ ಬಂದ ವಿಷಯಗಳು ನಮ್ಮ ದೇಶದಲ್ಲಿ ಕಡಿಮೆ. ಆದ್ದರಿಂದಲೇ ಇದನ್ನು ಸ್ವಲ್ಪ ಅನುಮಾನದಿಂದ ನೋಡಬೇಕು.

ಕಳೆದ ಮೂರು ನಾಲ್ಕು ದಶಕಗಳಲ್ಲಿ ಜಗತ್ತಿನ ಅನೇಕ ನೊಂದ ಸಮುದಾಯಗಳು ತಮ್ಮ ಕಥೆ ಹೇಳಲು ಆರಿಸಿಕೊಂಡದ್ದು ಇದೇ 'ಓದಲ್ಲದ ಓದ'ನ್ನು. ಯಹೂದಿಗಳು, ಇರಾನಿನ ಹೆಣ್ಣುಮಕ್ಕಳು, ಕಾಶ್ಮೀರಿಗಳು, ದಲಿತರು, ಆದಿವಾಸಿಗಳು ಚಿತ್ರಕಥೆಯ ಚೌಕಗಳಲ್ಲಿ ತಮ್ಮ ಚಹರೆಯನ್ನು ತಾವೇ ಬರೆದುಕೊಂಡಿದ್ದಾರೆ, ಇಲ್ಲವೇ ತಮ್ಮ ಮಾತಿಗೆ ಕಿವಿಗೊಡುವ ಕಲಾವಿದರನ್ನು ಅಲ್ಲಿ ಕಂಡುಕೊಂಡಿದ್ದಾರೆ. ಆ ಪುಸ್ತಕಗಳಲ್ಲಿ ಕೆಲವನ್ನು ನಮ್ಮ ಓದುಗರಿಗೆ ಪರಿಚಯಿಸುವುದು ಈ ಲೇಖನದ ಉದ್ದೇಶ. ಆದರೆ ಅದಕ್ಕೆ ಮೊದಲು, ಇದು ಅಮೆರಿಕದಿಂದ ಬಂದ ಹೊಸ ಸರಕು ಎಂಬ ಭ್ರಮೆಯನ್ನು ಕಳೆಯಬೇಕಾಗಿದೆ.

ಕೋಲಾರ ಜಿಲ್ಲೆಯ ಹಳ್ಳಿಗಳಲ್ಲಿ ಕೆರೆ ಏರಿಯ ಮೇಲೋ, ದೇವಸ್ಥಾನದ ಹಿಂದೋ, ಹೊಲದ ಬದುವಿನಲ್ಲೋ ವೀರಗಲ್ಲುಗಳು ಕಾಣುತ್ತವೆ. ಬಿ.ಎಲ್. ರೈಸ್ ಅವರು 1905ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೆಯ ಸಂಪುಟ ಈ ಜಿಲ್ಲೆಯ ಶಾಸನಗಳಿಗೇ ಮೀಸಲು. ವೀರಗಲ್ಲಿನ ಮೇಲೆ ಸಾಮಾನ್ಯವಾಗಿ ಮೂರು ಅಂತಸ್ತಿನ ಚಿತ್ರಗಳಿರುತ್ತವೆ. ಕೆಳಗಿನದರಲ್ಲಿ ವೀರ ಕಾದಾಡುತ್ತಿದ್ದಾನೆ. ನಡುವಿನದರಲ್ಲಿ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಿದ್ದಾರೆ. ಮೇಲಿನದರಲ್ಲಿ ಅವನು ದೇವರ ಸನ್ನಿಧಿಯಲ್ಲಿದ್ದಾನೆ. ಕೆಳಗಿನಿಂದ ಮೇಲಕ್ಕೆ ಓದಬೇಕಾದ ಮೂರು ಚೌಕಗಳ ಕಥೆ ಇದು. ಇದರ ನಾಯಕರಲ್ಲಿ ಅರಸರಷ್ಟೇ ಇಲ್ಲ. ಊರಿನ ದನ ಹಿಡಿದುಕೊಂಡು ಹೋಗಲು ಬಂದವರನ್ನು ತಡೆದು ಸತ್ತ ಸಾಮಾನ್ಯರೂ ಇದ್ದಾರೆ. ಅಕ್ಷರ ಬಾರದ ಜನ ತಮ್ಮ ಊರಿನವನ ಸಾವನ್ನು ಮರೆಯದಿರಲು ಕಂಡುಕೊಂಡ ದಾರಿ ಅದು.

ಇನ್ನೊಂದು ಉದಾಹರಣೆ ಮೊಗಲರ ಕಾಲದ್ದು. ನಮ್ಮ ಉರ್ದು ಮನೆಗಳಲ್ಲಿ ಅಮೀರ್ ಹಂಜಾನ ದಾಸ್ತಾನು ಅಪರಿಚಿತವೇನಲ್ಲ. ಅಕ್ಬರ್ ಬಾದಶಹನಿಗೆ ಈ ಕಥೆಯ ಮೇಲೆ ವಿಪರೀತ ಮೋಹ. 1562ರ ಸುಮಾರಿಗೆ ಆರಂಭವಾಗಿ ಹದಿನೈದು ವರ್ಷ ಹಿಡಿದ 'ಹಂಜಾನಾಮಾ'ದಲ್ಲಿ 1400 ದೊಡ್ಡ ಚಿತ್ರಗಳಿದ್ದವು ಎನ್ನುತ್ತಾರೆ. ಮೀರ್ ಸಯ್ಯಿದ್ ಅಲಿ, ಅಬ್ದುಸ್ಸಮದ್ ಎಂಬ ಇರಾನಿ ಉಸ್ತಾದರ ಕೈಕೆಳಗೆ ಹಿಂದೂ ಮುಸ್ಲಿಂ ಕಲಾವಿದರು ಒಟ್ಟಿಗೆ ಕೂತು ಅದನ್ನು ಬರೆದರು. ಚಿತ್ರ ಮುಂಭಾಗದಲ್ಲಿ, ಕಥೆಯ ಪಠ್ಯ ಹಿಂಭಾಗದಲ್ಲಿ. ಚಿತ್ರವನ್ನು ಎತ್ತಿ ಹಿಡಿದರೆ ಸಭೆ ನೋಡುತ್ತದೆ, ಹಿಂದಿರುವವನು ಓದಿ ಹೇಳುತ್ತಾನೆ. ನೋಡುವುದೂ ಕೇಳುವುದೂ ಒಟ್ಟಿಗೇ ನಡೆಯುವ ಈ ಏರ್ಪಾಡಿಗೂ ಇಂದಿನ ಕಾಮಿಕ್ಸ್‌ಗೂ ಬಹಳ ದೂರವಿಲ್ಲ. ಇಂದು ಉಳಿದಿರುವುದು ಸುಮಾರು ಇನ್ನೂರು ಚಿತ್ರಗಳು ಮಾತ್ರ. ಅವುಗಳಲ್ಲಿ ಕೆಲವು 1881ರಲ್ಲಿ ಶ್ರೀನಗರದ ಅಂಗಡಿಯೊಂದರ ಕಿಟಕಿಗೆ ಮರೆಯಾಗಿ ಕಟ್ಟಿದ್ದ ಸ್ಥಿತಿಯಲ್ಲಿ ಇಂಗ್ಲಿಷ್ ಅಧಿಕಾರಿಯೊಬ್ಬನ ಕಣ್ಣಿಗೆ ಬಿದ್ದು ಲಂಡನ್ನಿನ ವಸ್ತುಸಂಗ್ರಹಾಲಯ ಸೇರಿದವು. ಬಾದಶಹನ ಆಸ್ಥಾನದ ಚಿತ್ರಗಳು ಚಳಿಗಾಳಿ ತಡೆಯುವ ಪರದೆಯಾಗಿದ್ದವು! ತನ್ನ ಪರಂಪರೆಯ ಬೆಲೆ ತಿಳಿಯದವರ ಕೈಯಲ್ಲಿ ಪರಂಪರೆಗೆ ಏನಾಗುತ್ತದೆ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಮೂರನೆಯ ಉದಾಹರಣೆ ನಮ್ಮ ನೆರೆಯದು. ಮಾಲೂರಿಗೆ ಹತ್ತಿರದ, ಇಂದಿನ ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ 1720ರ ಸುಮಾರಿಗೆ ಹೈದರ್ ಅಲಿ ಹುಟ್ಟಿದ. ಅವನ ತಂದೆ ಫತೇ ಮುಹಮ್ಮದನ ಗೋರಿ ಕೋಲಾರದಲ್ಲಿದೆ. ಈ ಹೈದರ್ ಮತ್ತು ಅವನ ಮಗ ಟಿಪ್ಪು 1780ರ ಸೆಪ್ಟೆಂಬರ್ 10ರಂದು ಪೊಲ್ಲಿಲೂರಿನಲ್ಲಿ ಕಂಪನಿ ಸೇನೆಯನ್ನು ಸೋಲಿಸಿದ ಕಥೆಯನ್ನು ಟಿಪ್ಪು ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ ಬರೆಸಿದ. ಪಲ್ಲಕ್ಕಿಯಲ್ಲಿ ಕುಳಿತ ಕರ್ನಲ್ ಬೇಲಿ, ಸಿಡಿಯುತ್ತಿರುವ ಮದ್ದಿನ ಬಂಡಿ, ಕೆಂಪು ಕೋಟಿನ ಸಿಪಾಯಿಗಳ ಸಾಲು, ನುಗ್ಗಿ ಬರುವ ಮೈಸೂರಿನ ಕುದುರೆಗಳು, ಎಲ್ಲವೂ ಒಂದೇ ಗೋಡೆಯಲ್ಲಿ. ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ನಡೆದುಕೊಂಡೇ ಓದಬೇಕಾದ ಕಥೆ. ಗೆದ್ದ ಬ್ರಿಟಿಷರು ಕೂಡ ಅದನ್ನು ಅಳಿಸಿಹಾಕಲಿಲ್ಲ. ಡಾಲ್‌ಹೌಸಿಯ ಕಾಲದಲ್ಲಿ ಮತ್ತೆ ಬಣ್ಣ ಹಾಕಿಸಿದರು. ಟಿಪ್ಪುವಿನ ಬಗ್ಗೆ ಇಂದು ನಡೆಯುವ ಜಗಳಗಳೆಲ್ಲ ಬೇರೆಯವರು ಬರೆದ ಚಿತ್ರಗಳ ಮೇಲಿನ ಜಗಳಗಳು. ಅವನು ತನ್ನನ್ನು ತಾನು ಹೇಗೆ ಚಿತ್ರಿಸಿಕೊಂಡ ಎಂಬುದನ್ನು ನೋಡಬಯಸುವವರು ಆ ಗೋಡೆಯ ಮುಂದೆ ಅರ್ಧ ಗಂಟೆ ನಿಲ್ಲಬೇಕು.

ಇಲ್ಲಿ ಒಂದು ಪ್ರಶ್ನೆ ನಮ್ಮವರಿಂದಲೇ ಬರುತ್ತದೆ. ಜೀವಿಗಳ ಚಿತ್ರ ಬರೆಯುವುದು ನಿಷಿದ್ಧವಲ್ಲವೇ ಎಂದು ಕೇಳುವವರಿದ್ದಾರೆ. ಈ ಚರ್ಚೆ ಹಳೆಯದು, ಅದರ ತೀರ್ಪು ಹೇಳುವ ಅಧಿಕಾರ ಕಥೆಗಾರರಾದ ನಮಗಿಲ್ಲ. ಪ್ರವಾದಿಯವರನ್ನು ಚಿತ್ರಿಸಬಾರದೆಂಬ ಸಮುದಾಯದ ಭಾವನೆ ಗೌರವಕ್ಕೆ ಅರ್ಹವಾದದ್ದು. ಆದರೆ ಮುಸ್ಲಿಂ ಅರಸರ, ಕಲಾವಿದರ, ಕಥೆಗಾರರ ಚರಿತ್ರೆಯಲ್ಲಿ ಮನುಷ್ಯರ ಸುಖದುಃಖದ ಚಿತ್ರಗಳು ತುಂಬಿ ತುಳುಕಿವೆ ಎಂಬುದೂ ಅಷ್ಟೇ ನಿಜ.

ಮುದ್ರಣದ ಕಾಲಕ್ಕೆ ಬರೋಣ. 1947ರಲ್ಲಿ ಮದರಾಸಿನಲ್ಲಿ ತೆಲುಗು, ತಮಿಳಿನಲ್ಲಿ ಆರಂಭವಾದ 'ಚಂದಮಾಮ' 1949ರ ಹೊತ್ತಿಗೆ ಕನ್ನಡಕ್ಕೂ ಬಂತು. ಬೆನ್ನ ಮೇಲೆ ಬೇತಾಳವನ್ನು ಹೊತ್ತು ಕತ್ತಿ ಹಿಡಿದು ನಡೆಯುವ ವಿಕ್ರಮನ ಚಿತ್ರ ಬರೆದ ಕೆ.ಸಿ. ಶಿವಶಂಕರನ್ ಅವರ ಹೆಸರು ತಿಳಿಯದೆಯೇ ಮೂರು ತಲೆಮಾರಿನ ಕನ್ನಡ ಮಕ್ಕಳು ಅವರ ರೇಖೆಗಳನ್ನು ಪ್ರೀತಿಸಿದರು.

ಭಾರತದ ಅತ್ಯಂತ ಪ್ರಸಿದ್ಧ ಕಾಮಿಕ್ಸ್ ಮಾಲೆಯಾದ 'ಅಮರ ಚಿತ್ರ ಕಥೆ' ಮೊದಲು ಹುಟ್ಟಿದ್ದು ಕನ್ನಡದಲ್ಲಿ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. 1965ರಲ್ಲಿ ಬೆಂಗಳೂರಿನ ಇಂಡಿಯಾ ಬುಕ್ ಹೌಸ್‌ನಲ್ಲಿದ್ದ ಜಿ.ಕೆ. ಅನಂತರಾಮ್ ಅವರ ಉತ್ಸಾಹದಿಂದ 'ಸಿಂಡರೆಲಾ', 'ಅಲ್ಲಾದೀನ'ನಂಥ ಕಥೆಗಳು ಕನ್ನಡ ಕಾಮಿಕ್ಸ್ ಆಗಿ ಬಂದವು. ಅರಬರ ಕಥೆಯೊಂದು ಇಂಗ್ಲಿಷಿನ ದಾರಿ ಹಿಡಿದು ಕನ್ನಡಕ್ಕೆ ಬಂದ ಬಗೆ ಇದು. ಆಮೇಲೆ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಈ ಮಾಲೆಯನ್ನು ಮುಂಬಯಿಯಿಂದ ಇಂಗ್ಲಿಷಿನಲ್ಲಿ ಬೆಳೆಸಿದರು. ಅವರ ಮೊದಲ ಪುಸ್ತಕ 'ಕೃಷ್ಣ' ಹನ್ನೊಂದನೆಯ ಸಂಖ್ಯೆ ಹೊತ್ತು ಬಂದದ್ದಕ್ಕೆ ಕಾರಣ ಅದರ ಹಿಂದೆ ಇದ್ದ ಆ ಹತ್ತು ಪುಸ್ತಕಗಳು. ಕನ್ನಡ ಹೀಗೆ ಅಡಿಪಾಯ ಹಾಕಿತು, ಮನೆ ಮಾತ್ರ ಬೇರೆಯವರದಾಯಿತು.

ಮಾಲೂರಿನ ಬಸ್ ನಿಲ್ದಾಣದ ಹತ್ತಿರದ ಅಂಗಡಿಯಲ್ಲಿ ದಿನಕ್ಕಿಷ್ಟು ಎಂದು ಬಾಡಿಗೆಗೆ ಸಿಗುತ್ತಿದ್ದ ಈ ಪುಸ್ತಕಗಳನ್ನು ನಾವು ಬಾಲ್ಯದಲ್ಲಿ ಓದಿದ್ದೇವೆ. ಬೆಳಗ್ಗೆ ಉರ್ದು ಶಾಲೆ, ಸಂಜೆ ಕನ್ನಡ ಕಾಮಿಕ್ಸ್. ನಮ್ಮ ಕನ್ನಡ ಕುದುರಿದ್ದರಲ್ಲಿ ಅವುಗಳ ಪಾಲು ದೊಡ್ಡದು. ಕೃಷ್ಣ, ಭೀಮ, ಹನುಮಂತ ಎಲ್ಲರನ್ನೂ ಅವೇ ಪರಿಚಯಿಸಿದವು. ಆದರೆ ಶಿವಾಜಿ, ಪೃಥ್ವೀರಾಜ, ಪದ್ಮಿನಿಯರ ಕಥೆ ತೆರೆದರೆ ನಮ್ಮ ಹೆಸರುಗಳನ್ನು ಇಟ್ಟುಕೊಂಡವರು ಗಡ್ಡ ಬಿಟ್ಟು, ಕಣ್ಣು ಕೆರಳಿಸಿ, ಎದುರು ಪಾಳೆಯದಲ್ಲಿ ನಿಂತಿರುತ್ತಿದ್ದರು. ಪುಸ್ತಕ ಓದುವ ಹುಡುಗ ನಾಯಕನ ಪಕ್ಷ ವಹಿಸುತ್ತಾನೆ, ಅದು ಕಥೆಯ ಧರ್ಮ. ಓದಿ ಮುಗಿಸಿ ಮನೆಗೆ ಬಂದರೆ ಖಳನಾಯಕನ ಹೆಸರಿಟ್ಟುಕೊಂಡ ಚಾಚಾ ಪ್ರೀತಿಯಿಂದ ತಲೆ ನೇವರಿಸುತ್ತಾನೆ. ಈ ಎರಡರ ನಡುವೆ ಮಗು ಒಬ್ಬಂಟಿಯಾಗಿ ನಿಲ್ಲುತ್ತದೆ.

ಪೂರ್ಣ ನ್ಯಾಯ ಹೇಳಬೇಕೆಂದರೆ ಅದೇ ಮಾಲೆಯಲ್ಲಿ ಕಬೀರ್, ಅಕ್ಬರ್, ಸುಲ್ತಾನಾ ರಜಿಯಾ, ನೂರ್‌ಜಹಾನ್, ಬಿಜಾಪುರವನ್ನೂ ಅಹಮದ್‌ನಗರವನ್ನೂ ಕಾಪಾಡಿದ ಚಾಂದ್ ಬೀಬಿ ಕೂಡ ಇದ್ದರು. ಆದರೆ ಅವರೆಲ್ಲ ಅರಸರು, ಸಂತರು. ಪಂಚರ್ ಅಂಗಡಿಯವನು, ರೇಷ್ಮೆ ಬಿಚ್ಚುವ ಹೆಂಗಸು, ಇಟ್ಟಿಗೆ ಗೂಡಿನ ಕೂಲಿ ಯಾವ ಚೌಕದಲ್ಲೂ ಇರಲಿಲ್ಲ. ನಂದಿನಿ ಚಂದ್ರ, ಕಾರ್ಲೀನ್ ಮೆಕ್‌ಲೇನ್ ಅವರಂಥ ವಿದ್ವಾಂಸರು ಈ ಮಾಲೆಯ ಮೇಲೆ ಇಡೀ ಪುಸ್ತಕಗಳನ್ನೇ ಬರೆದು, ಮುಸ್ಲಿಮರು, ಹೆಂಗಸರು, ಕೆಳಜಾತಿಯವರು ಅಲ್ಲಿ ಹೇಗೆ ಕಾಣಿಸಿಕೊಂಡಿದ್ದಾರೆಂದು ಪರಿಶೀಲಿಸಿದ್ದಾರೆ.

ಇದರ ಜತೆಗೇ ಹೇಳಬೇಕಾದ ಇನ್ನೊಂದು ಸಂಗತಿ ಇದೆ. 1964ರಿಂದ 1990ರವರೆಗೆ ನಡೆದ 'ಇಂದ್ರಜಾಲ ಕಾಮಿಕ್ಸ್'ನಲ್ಲಿ ಫ್ಯಾಂಟಮ್, ಮಾಂಡ್ರೇಕ್ ಜತೆಗೆ 1976ರಲ್ಲಿ ಬಂದ ಬಹಾದೂರ್ ಎಂಬ ಅಪ್ಪಟ ಭಾರತೀಯ ನಾಯಕನಿದ್ದ. ಕೇಸರಿ ಕುರ್ತಾ, ಜೀನ್ಸ್ ಪ್ಯಾಂಟು ತೊಟ್ಟು ಡಕಾಯಿತರನ್ನು ಎದುರಿಸುತ್ತಿದ್ದ ಆ ಹುಡುಗನನ್ನು ಸೃಷ್ಟಿಸಿದವರು ಆಬಿದ್ ಸುರ್ತಿ ಎಂಬ ಗುಜರಾತಿ ಮುಸ್ಲಿಂ ಲೇಖಕ. ಕೇಸರಿ ಯಾರ ಬಣ್ಣ ಎಂದು ಆಗ ಯಾರೂ ಕೇಳಲಿಲ್ಲ. ನಮ್ಮಲ್ಲೂ ಪಿ. ಮಹಮ್ಮದ್ ಅವರ ವ್ಯಂಗ್ಯಚಿತ್ರಗಳನ್ನು ನೋಡಿ ಕನ್ನಡಿಗರು ವರ್ಷಗಟ್ಟಲೆ ನಕ್ಕಿದ್ದಾರೆ, ಯೋಚಿಸಿದ್ದಾರೆ. ಗೆರೆ ಎಳೆಯುವವನ ಧರ್ಮ ಗೆರೆಯಲ್ಲಿ ಕಾಣಬೇಕಾಗಿಲ್ಲ. ಆದರೆ ಗೆರೆ ಎಳೆಯುವ ಅವಕಾಶ ಎಲ್ಲರಿಗೂ ಇರಬೇಕು.

ಚಿತ್ರಕಥೆ ಮಕ್ಕಳ ಕೈಯಿಂದ ದೊಡ್ಡವರ ಕೈಗೂ ಬಂದ ಕಾಲವನ್ನು ಗುರುತಿಸಲು ಒಂದು ಪುಸ್ತಕದ ಹೆಸರು ಹೇಳಿದರೆ ಸಾಕು. ಅಮೆರಿಕದ ಆರ್ಟ್ ಸ್ಪೀಗಲ್‌ಮನ್ ತನ್ನ ತಂದೆ ನಾಜಿ ಶಿಬಿರಗಳಿಂದ ಬದುಕಿ ಬಂದ ಕಥೆಯನ್ನು 'ಮೌಸ್' ಎಂಬ ಕೃತಿಯಲ್ಲಿ ಬರೆದರು. ಯಹೂದಿಗಳು ಇಲಿಗಳು, ಜರ್ಮನರು ಬೆಕ್ಕುಗಳು. ಅದಕ್ಕೆ 1992ರಲ್ಲಿ ಪುಲಿಟ್ಜರ್ ವಿಶೇಷ ಪ್ರಶಸ್ತಿ ಬಂತು. ಗ್ರಾಫಿಕ್ ಕಾದಂಬರಿ ಎಂಬ ಹೆಸರಿಗೆ ಗಂಭೀರ ಓದುಗರು ಸಿಕ್ಕಿದ್ದು ಇಂಥ ಕೃತಿಗಳಿಂದ. ಅಲ್ಲಿಂದೀಚೆಗೆ ಬಂದವುಗಳಲ್ಲಿ ನಮ್ಮ ಓದುಗರು ಮೊದಲು ಓದಬೇಕಾದವನ್ನು ಇಲ್ಲಿ ಹೇಳುತ್ತೇವೆ.

ಮೊದಲನೆಯದು ಮರ್ಜಾನ್ ಸತ್ರಪಿಯವರ 'ಪರ್ಸೆಪೊಲಿಸ್'. ಪ್ರೀತಿ ನಾಗರಾಜ್ ಅವರ ಅನುವಾದದಿಂದ ಇದು ಕನ್ನಡಕ್ಕೂ ಬಂದಿದೆ. 1979ರ ಇರಾನ್ ಕ್ರಾಂತಿ, ಆಮೇಲಿನ ಇರಾಕ್ ಯುದ್ಧ, ಇವುಗಳ ನಡುವೆ ಬೆಳೆಯುವ ಹಟಮಾರಿ ಹುಡುಗಿಯೊಬ್ಬಳ ಕಥೆ. ಬರೀ ಕಪ್ಪು ಬಿಳುಪು. ಮೊದಲ ಅಧ್ಯಾಯವೇ ಶಾಲೆಯಲ್ಲಿ ಕಡ್ಡಾಯವಾದ ಪರದೆಯ ಬಗ್ಗೆ. ಇದನ್ನು ಇಸ್ಲಾಂ ವಿರೋಧಿ ಪುಸ್ತಕವೆಂದು ದೂರ ಇಡುವವರಿಗೂ, ಅದೇ ಕಾರಣಕ್ಕೆ ತಲೆ ಮೇಲೆ ಹೊತ್ತು ಕುಣಿಯುವವರಿಗೂ ನಾವು ಒಂದು ಸಂಗತಿ ನೆನಪಿಸಬೇಕು. 2003ರಲ್ಲಿ ಫ್ರಾನ್ಸ್ ಸರ್ಕಾರ ಶಾಲೆಗಳಲ್ಲಿ ಸ್ಕಾರ್ಫ್ ನಿಷೇಧಿಸಲು ಹೊರಟಾಗ ಅದನ್ನು ವಿರೋಧಿಸಿ ಬರೆದವರಲ್ಲಿ ಇದೇ ಸತ್ರಪಿ ಒಬ್ಬರು. ಹೊದಿಸುವ ಬಲವಂತವೂ ತೆಗೆಸುವ ಬಲವಂತವೂ ಒಂದೇ ಎಂಬುದು ಅವರ ನಿಲುವು. 2022ರಲ್ಲಿ ಕರ್ನಾಟಕದ ಕಾಲೇಜುಗಳ ಗೇಟಿನ ಮುಂದೆ ನಮ್ಮ ಹೆಣ್ಣುಮಕ್ಕಳು ನಿಂತದ್ದನ್ನು ಕಂಡ ಯಾರೇ ಆದರೂ ಈ ಪುಸ್ತಕವನ್ನು ಬೇರೆ ಕಣ್ಣಿನಿಂದ ಓದುತ್ತಾರೆ. ಆ ಹುಡುಗಿಯರಲ್ಲಿ ಯಾರಾದರೂ ತಮ್ಮ ಆ ದಿನಗಳನ್ನು ಚಿತ್ರಿಸಿದರೆ ಕನ್ನಡಕ್ಕೆ ತನ್ನದೇ 'ಪರ್ಸೆಪೊಲಿಸ್' ಸಿಕ್ಕೀತು.

ಎರಡನೆಯದು ಮಲಿಕ್ ಸಜಾದ್ ಅವರ 'ಮುನ್ನು: ಎ ಬಾಯ್ ಫ್ರಂ ಕಾಶ್ಮೀರ್' (2015). ಶ್ರೀನಗರದ ಕುಶಲಕರ್ಮಿ ಕುಟುಂಬದ ಹುಡುಗನೊಬ್ಬ ಚಿಕ್ಕ ವಯಸ್ಸಿಗೇ ಪತ್ರಿಕೆಯ ವ್ಯಂಗ್ಯಚಿತ್ರಕಾರನಾದ ಕಥೆ. ಇಲ್ಲಿ ಕಾಶ್ಮೀರಿಗಳಿಗೆಲ್ಲ ಹಂಗುಲ್ ಎಂಬ, ಅಳಿವಿನ ಅಂಚಿನಲ್ಲಿರುವ ಅಲ್ಲಿಯ ಜಿಂಕೆಯ ಮುಖ. ಉಳಿದವರಿಗೆ ಮನುಷ್ಯರ ಮುಖ. ಘೋಷಣೆ ಕೂಗದ ಪುಸ್ತಕ ಇದು. ಕರ್ಫ್ಯೂ ದಿನಗಳಲ್ಲಿ ತಾಯಿ ಅಡುಗೆಗೆ ಏನು ಮಾಡುತ್ತಾಳೆ, ಮಕ್ಕಳು ಯಾವ ಆಟ ಆಡುತ್ತಾರೆ ಎಂಬಂಥ ವಿವರಗಳಲ್ಲಿ ಅದರ ಜೀವವಿದೆ.

ಮೂರನೆಯದಾಗಿ ಜೋ ಸಾಕೊ ಅವರ ಪುಸ್ತಕಗಳು. ಮಾಲ್ಟಾದಲ್ಲಿ ಹುಟ್ಟಿದ ಈ ಅಮೆರಿಕನ್ ಪತ್ರಕರ್ತ ವರದಿಯನ್ನೇ ಚಿತ್ರಕಥೆ ಮಾಡುವವರು. 1991-92ರ ಚಳಿಗಾಲದಲ್ಲಿ ಅಲ್ಲಿ ತಿರುಗಾಡಿ ಬರೆದ 'ಪ್ಯಾಲೆಸ್ಟೈನ್' 2001ರಲ್ಲಿ ಒಂದೇ ಸಂಪುಟವಾಗಿ ಬಂದಾಗ ಎಡ್ವರ್ಡ್ ಸಯೀದ್ ಅದಕ್ಕೆ ಮುನ್ನುಡಿ ಬರೆದರು. ಬಾಲ್ಯದಲ್ಲಿ ಕಾಮಿಕ್ಸ್ ಓದಿದ್ದನ್ನೂ, ಮನೆಯವರು, ಶಾಲೆಯವರು ಅದನ್ನು ಒಪ್ಪದಿದ್ದುದನ್ನೂ ಅವರು ಅಲ್ಲಿ ನೆನೆದಿದ್ದಾರೆ. ಕೈರೋದ ದೊಡ್ಡವರಿಗೂ ಮಾಲೂರಿನ ದೊಡ್ಡವರಿಗೂ ಏನೂ ವ್ಯತ್ಯಾಸವಿಲ್ಲ! 1956ರಲ್ಲಿ ಖಾನ್ ಯೂನಿಸ್, ರಫಾ ಊರುಗಳಲ್ಲಿ ನಡೆದ ಹತ್ಯೆಗಳನ್ನು ಹುಡುಕಿಕೊಂಡು ಹೋಗುವ 'ಫುಟ್‌ನೋಟ್ಸ್ ಇನ್ ಗಾಜಾ' (2009) ಇತಿಹಾಸ ಬರೆಯುವವರೆಲ್ಲ ಓದಬೇಕಾದ ಪುಸ್ತಕ. ಮುದುಕರ ನೆನಪುಗಳು ಒಂದಕ್ಕೊಂದು ಹೊಂದದಿದ್ದಾಗ ಸಾಕೊ ಅದನ್ನು ಮುಚ್ಚಿಡುವುದಿಲ್ಲ, ಆ ಗೊಂದಲವನ್ನೂ ಚಿತ್ರಿಸುತ್ತಾರೆ. 2025ರಲ್ಲಿ ಇಂಗ್ಲಿಷಿನಲ್ಲಿ ಬಂದ ಅವರ 'ದಿ ಒನ್ಸ್ ಅಂಡ್ ಫ್ಯೂಚರ್ ರಯಟ್' ನಮ್ಮ ದೇಶದ್ದೇ ಕಥೆ: 2013ರಲ್ಲಿ ಅರವತ್ತಕ್ಕೂ ಹೆಚ್ಚು ಜನ ಸತ್ತು, ಹತ್ತಾರು ಸಾವಿರ ಮಂದಿ ಊರು ಬಿಟ್ಟ ಮುಜಫ್ಫರ್‌ನಗರದ ಗಲಭೆ.

ನಾಲ್ಕನೆಯದು 'ಭೀಮಾಯಣ' (2011). ಅಂಬೇಡ್ಕರ್ ಅವರ ಬದುಕಿನ ಘಟನೆಗಳನ್ನು ದುರ್ಗಾಬಾಯಿ ವ್ಯಾಮ್, ಸುಭಾಷ್ ವ್ಯಾಮ್ ಎಂಬ ಗೋಂಡ್ ಕಲಾವಿದ ದಂಪತಿ ಚಿತ್ರಿಸಿದ್ದಾರೆ. ಮನುಷ್ಯರನ್ನು ಪೆಟ್ಟಿಗೆಯಲ್ಲಿ ಕೂಡಿಹಾಕುವುದು ಬೇಡವೆಂದು ಅವರು ಚೌಕಗಳನ್ನೇ ಬಿಟ್ಟುಬಿಟ್ಟರು. ಮೃದುವಾದ ಮಾತಿನ ಗುಳ್ಳೆಗೆ ಹಕ್ಕಿಯ ಆಕಾರ, ಜಾತಿಯ ವಿಷ ಕಾರುವ ಮಾತಿಗೆ ಚೇಳಿನ ಕೊಂಡಿ. ಈ ಪುಸ್ತಕವನ್ನು ಮುಸ್ಲಿಂ ಓದುಗರು ಓದಬೇಕೆನ್ನಲು ನಮಗೆ ಇನ್ನೊಂದು ಕಾರಣವಿದೆ. ಇದಕ್ಕೆ ಆಧಾರವಾದ ಅಂಬೇಡ್ಕರರ ಆತ್ಮಕಥನದ ಬರಹದಲ್ಲಿ 1934ರ ದೌಲತಾಬಾದ್ ಕೋಟೆಯ ಪ್ರಸಂಗ ಬರುತ್ತದೆ. ಅವರೂ ಸಂಗಡಿಗರೂ ಅಲ್ಲಿನ ಕೊಳದ ನೀರಿನಲ್ಲಿ ಕೈಕಾಲು ತೊಳೆದದ್ದಕ್ಕೆ ನೀರು ಮೈಲಿಗೆಯಾಯಿತೆಂದು ಗಲಾಟೆ ಮಾಡಿದವರು ಮುಸ್ಲಿಮರು. ನಮ್ಮನ್ನು ಖಳರಾಗಿ ಚಿತ್ರಿಸಿದರೆಂದು ದೂರುವ ನಾವು ಈ ಪುಟದ ಮುಂದೆ ತಲೆ ತಗ್ಗಿಸಿ ಕೂರಲೇಬೇಕು. ದಲಿತ ಚಳವಳಿಯ ನೆಲವಾದ ಕೋಲಾರದಲ್ಲಿ ಈ ಮಾತಿಗೆ ಹೆಚ್ಚಿನ ಅರ್ಥವಿದೆ.

ಉಳಿದವನ್ನು ಚುಟುಕಾಗಿ ಹೇಳುತ್ತೇವೆ. ನರ್ಮದಾ ಅಣೆಕಟ್ಟೆಯ ಬಗ್ಗೆ ಓರಿಜಿತ್ ಸೇನ್ 1994ರಲ್ಲಿ ಬರೆದ 'ರಿವರ್ ಆಫ್ ಸ್ಟೋರೀಸ್' ಭಾರತದ ಮೊದಲ ಗ್ರಾಫಿಕ್ ಕಾದಂಬರಿ ಎಂದು ಹೆಸರಾದದ್ದು; 2022ರಲ್ಲಿ ಮರುಮುದ್ರಣಗೊಂಡಿದೆ. ವಿಶ್ವಜ್ಯೋತಿ ಘೋಷ್ ಸಂಪಾದಿಸಿದ 'ದಿಸ್ ಸೈಡ್, ದಟ್ ಸೈಡ್' (2013) ದೇಶವಿಭಜನೆಯ ಕಥೆಗಳನ್ನು ಭಾರತ, ಪಾಕಿಸ್ತಾನ, ಬಾಂಗ್ಲಾದೇಶ ಮೂರೂ ಕಡೆಯ ಲೇಖಕ-ಕಲಾವಿದರಿಂದ ಬರೆಸಿದೆ. ಮಂಟೋನ ಕಥೆಗಳನ್ನು ಮೆಚ್ಚಿದವರಿಗೆ ಇದು ಹಿಡಿಸುತ್ತದೆ. ಇನ್ನು ಬರೀ ಖುಷಿಗಾಗಿ ಓದಬೇಕೆನ್ನುವ ಹುಡುಗಿಯರಿಗೆ ಕಮಲಾ ಖಾನ್ ಇದ್ದಾಳೆ. 2014ರಲ್ಲಿ ಆರಂಭವಾದ ಈ 'ಮಿಸ್ ಮಾರ್ವೆಲ್' ಮಾಲೆಯನ್ನು ಬರೆದವರು ಜಿ. ವಿಲ್ಲೋ ವಿಲ್ಸನ್, ಸಂಪಾದಕಿ ಸನಾ ಅಮಾನತ್. ಅಮೆರಿಕದ ಪಾಕಿಸ್ತಾನಿ ಮೂಲದ ಮನೆಯ ಹುಡುಗಿ. ದುಷ್ಟರ ಜತೆ ಹೋರಾಡುವುದಕ್ಕಿಂತ, ರಾತ್ರಿ ಹೊರಗೆ ಹೋಗಲು ಅಪ್ಪ ಅಮ್ಮನ ಅನುಮತಿ ಪಡೆಯುವುದೇ ಅವಳಿಗೆ ದೊಡ್ಡ ಸಾಹಸ. ನಮ್ಮ ಮನೆಯ ಮಕ್ಕಳಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಈ ಪಟ್ಟಿಯಲ್ಲಿ ಕನ್ನಡದಲ್ಲಿರುವುದನ್ನು ನಾವು ಒಂದನ್ನೇ ಹೆಸರಿಸಿದ್ದೇವೆ ಎಂಬುದನ್ನು ಓದುಗರು ಗಮನಿಸಿರಬಹುದು. ಇದು ಬೇಸರದ ಸಂಗತಿ. 1965ರಲ್ಲೇ ಕಾಮಿಕ್ಸ್ ಮಾಲೆಗೆ ನಾಂದಿ ಹಾಡಿದ ಭಾಷೆ ತನ್ನದೇ ಬದುಕಿನ ಗ್ರಾಫಿಕ್ ಕಾದಂಬರಿಗಳಿಗಾಗಿ ಇನ್ನೂ ಕಾಯುತ್ತಿದೆ. ಬಣ್ಣದ ಮುದ್ರಣ ದುಬಾರಿ ಎಂಬ ಸಬೂಬು ನಡೆಯದು. 'ಪರ್ಸೆಪೊಲಿಸ್' ಕಪ್ಪು ಶಾಯಿಯಲ್ಲೇ ಜಗತ್ತು ಸುತ್ತಿತು. ಕಥೆಗಳಿಗಂತೂ ಬರವಿಲ್ಲ. ಕನ್ನಡ ಸಣ್ಣಕಥೆಯನ್ನು ಬೆಳೆಸಿದ ಮಾಸ್ತಿಯವರು ಇದೇ ಮಾಲೂರು ತಾಲ್ಲೂಕಿನವರು. 1983ರ ಜ್ಞಾನಪೀಠ ತಂದುಕೊಟ್ಟ ಅವರ 'ಚಿಕವೀರ ರಾಜೇಂದ್ರ' ಚಿತ್ರಕಥೆಗೆ ಹೇಳಿ ಮಾಡಿಸಿದ ವಸ್ತು. 2001ರ ಫೆಬ್ರವರಿಯಲ್ಲಿ ಬಾಗಿಲು ಮುಚ್ಚಿದ ಕೆ.ಜಿ.ಎಫ್. ಗಣಿಯ ಕಾರ್ಮಿಕರು ಸಿನಿಮಾದಲ್ಲಿ ಕಂಡದ್ದು ಬಂದೂಕುಗಳ ಹೊಗೆಯಲ್ಲಿ. ನೆಲದಡಿಯ ಅವರ ದಿನನಿತ್ಯದ ಬದುಕನ್ನು ಯಾರೂ ಗೆರೆಗೆ ಇಳಿಸಿಲ್ಲ. ಮಾಲೂರಿನ ಹೆಂಚು, ಇಟ್ಟಿಗೆಯಿಂದ ಬೆಂಗಳೂರಿನ ಎಷ್ಟೋ ಮನೆಗಳೆದ್ದವು. ಅದನ್ನು ಸುಟ್ಟವರ ಮುಖಗಳು ಎಲ್ಲಿವೆ?

ಓದುಗ ಮಿತ್ರರೆ, ನಮ್ಮ ಕೋರಿಕೆ ಚಿಕ್ಕದು. ಬೆಂಗಳೂರಿಗೆ ಹೋದಾಗ ಚರ್ಚ್ ಸ್ಟ್ರೀಟಿನ ಪುಸ್ತಕದಂಗಡಿಗಳಲ್ಲಿ ಈ ಹೆಸರುಗಳನ್ನು ಕೇಳಿ ನೋಡಿ. ಒಬ್ಬರಿಗೆ ಬೆಲೆ ಹೆಚ್ಚೆನಿಸಿದರೆ ನಾಲ್ವರು ಸೇರಿ ಒಂದು ಪ್ರತಿ ಕೊಂಡು ಕೈಯಿಂದ ಕೈಗೆ ದಾಟಿಸಿ. ಊರಿನ ಗ್ರಂಥಾಲಯಕ್ಕೆ 'ಪರ್ಸೆಪೊಲಿಸ್' ತರಿಸುವಂತೆ ಅರ್ಜಿ ಕೊಡಿ. ಮನೆಯಲ್ಲಿ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಚಿತ್ರ ಗೀಚುವ ಮಗುವಿದ್ದರೆ ಗದರಿಸಬೇಡಿ. ಅಜ್ಜಿ ಹೇಳಿದ ಯಾವುದಾದರೂ ಒಂದು ಕಥೆಯನ್ನು ಆರು ಚೌಕಗಳಲ್ಲಿ ಬರೆಯಲು ಹೇಳಿ, ಮಾತುಗಳು ಉರ್ದುವಿನಲ್ಲಿರಲಿ, ಕನ್ನಡದಲ್ಲಿರಲಿ, ಎರಡೂ ಬೆರೆತ ನಮ್ಮ ಬೀದಿಯ ಮಾತಿನಲ್ಲೇ ಇರಲಿ. ಪೆನ್ಸಿಲ್ಲಿಗೆ ಬೇಕಾದ ದುಡ್ಡು ಎಲ್ಲರ ಮನೆಯಲ್ಲೂ ಇದೆ.